ಗಾಜಿನ ವಠಾರ

ಹಳೆಯ ಬೆಂಗಳೂರಿನ ವಠಾರಗಳಲ್ಲಿ ಬಾಳಿ ಬಂದವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿರುತ್ತದೆ. ವಠಾರದ ಯಜಮಾನನಾದವನು ಬಾಡಿಗೆಗೆ ಬಂದವರ ಮುಖದ ಅಂದವನ್ನು ನೋಡಿ ಬೀಗದ ಕೈ ಕೊಡುತ್ತಿರಲಿಲ್ಲ. ಉದ್ಯೋಗವೇನು, ಮಕ್ಕಳೆಷ್ಟು, ರಾತ್ರಿ ಎಷ್ಟು ಹೊತ್ತಿಗೆ ಮನೆ ಸೇರುವ ಅಭ್ಯಾಸ, ದಿನಕ್ಕೆ ಎಷ್ಟು ಕೊಡ ನೀರು ಬೇಕು, ಹಿಂದಿನ ವಠಾರವನ್ನು ಬಿಟ್ಟದ್ದೇಕೆ, ಇವೆಲ್ಲವನ್ನೂ ಕೆದಕಿ ಕೆದಕಿ ಕೇಳಿದ ಮೇಲೆಯೇ ಮುಂಗಡದ ಮಾತು. ಅವನ ಪ್ರಶ್ನೆಗಳಲ್ಲಿ ಕೆಲವು ಕೇಳಬಾರದವೂ ಆಗಿರುತ್ತಿದ್ದವು. ಅದು ಬೇರೆಯ ವಿಷಯ. ಆದರೆ ಒಂದೇ ನಲ್ಲಿ, ಒಂದೇ ಬಚ್ಚಲು, ಒಂದೇ ಅಂಗಳವನ್ನು ಎಂಟು ಸಂಸಾರಗಳು ಹಂಚಿಕೊಂಡು ಬಾಳಬೇಕಾದಲ್ಲಿ ಚೆಲುವಿಗಿಂತ ಹೊಂದಿಕೆ ದೊಡ್ಡದು ಎಂಬ ತಿಳಿವಳಿಕೆ ಅವನಿಗಿತ್ತು.

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವರಿಗೆ ಈ ತಿಳಿವಳಿಕೆ ಬರುವುದು ತಡವಾಗಿ. ಮೀನಿನ ಅಂಗಡಿಗೆ ಹೋದವರ ಕಣ್ಣು ಮೊದಲು ಬಣ್ಣದ ಮೇಲೆ ಬೀಳುತ್ತದೆ. ಕೆಂಪಿನದೊಂದು ಜೊತೆ, ಹಳದಿಯದೊಂದು ಜೊತೆ, ನೀಲಿಯದು ಒಂದು ಹಿಡಿ, ಹೀಗೆ ಸೀರೆಯಂಗಡಿಯಲ್ಲಿ ರವಿಕೆಯ ಕಣ ಆರಿಸಿದಂತೆ ಆರಿಸಿ, ಪ್ಲಾಸ್ಟಿಕ್ ಚೀಲಗಳಲ್ಲಿ ಹಿಡಿದು ತಂದು, ಒಂದೇ ನೀರಿಗೆ ಸುರಿದುಬಿಡುತ್ತಾರೆ. ವಠಾರದಲ್ಲಿ ಜಗಳವಾದರೆ ಸೋತವರು ಜಗಲಿಯ ಮೇಲೆ ಹೋಗಿ ಕೂಡಬಹುದಾಗಿತ್ತು, ದೇವಸ್ಥಾನಕ್ಕೆ ಹೋಗಬಹುದಾಗಿತ್ತು, ತೀರ ಹೆಚ್ಚಾದರೆ ಎಂಟು ದಿನ ತವರಿಗೆ ಹೋಗಿ ಬರಬಹುದಾಗಿತ್ತು. ಈ ಗಾಜಿನ ವಠಾರಕ್ಕೆ ಬಾಗಿಲೇ ಇಲ್ಲ.

ದೊಡ್ಡ ಮೀನು ಸಣ್ಣ ಮೀನನ್ನು ನುಂಗುತ್ತದೆಂಬುದನ್ನು ಕಂಡೇ ಹಿಂದಿನವರು ಅರಾಜಕತೆಗೆ ಮತ್ಸ್ಯನ್ಯಾಯವೆಂದು ಹೆಸರಿಟ್ಟರು. ಶಿಕ್ಷಿಸುವ ಅರಸನಿಲ್ಲದ ನಾಡಿಗೆ ಕೌಟಿಲ್ಯನು ಕೊಟ್ಟ ಹೋಲಿಕೆಯೂ ಅದೇ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ವೆಂಬ ಒಂದು ಭಾಗವೇ ಉಂಟು. ಮೀನುಗಳಲ್ಲಿ ಎಷ್ಟು ಬಗೆ, ಯಾವುದಕ್ಕೆ ಯಾವ ತಿನಿಸು ಎಂಬುದನ್ನೆಲ್ಲ ದೊರೆ ಅಲ್ಲಿ ವಿವರಿಸಿದ್ದಾನೆ. ಆದರೆ ಅವನ ವಿನೋದವೆಲ್ಲ ಗಾಳದ ತುದಿಯಲ್ಲಿದ್ದುದರಿಂದ, ಮೀನು ಮೀನಿನೊಡನೆ ಹೇಗೆ ಸಂಸಾರ ಮಾಡುತ್ತದೆಂಬ ಚಿಂತೆ ಅವನಿಗೆ ಬೇಕಾಗಿರಲಿಲ್ಲ.

ಆ ಚಿಂತೆಯನ್ನು ಗಾಜಿನ ಪಾತ್ರೆಯೊಳಗಿಟ್ಟು ಮೊದಮೊದಲಿಗೆ ಪರೀಕ್ಷಿಸಿದವರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ ಒಬ್ಬ. 1849ರಲ್ಲಿ ಆತ ಒಂದು ಗಾಜಿನ ಪಾತ್ರೆಯಲ್ಲಿ ನೀರು ತುಂಬಿ, ಎರಡು ಚಿಕ್ಕ ಹೊನ್ನಮೀನುಗಳನ್ನು ಬಿಟ್ಟು, ಜೊತೆಗೆ ವ್ಯಾಲಿಸ್ನೇರಿಯವೆಂಬ ನೀರುಗಿಡವನ್ನು ನೆಟ್ಟ. ಗಿಡವು ಪ್ರಾಣವಾಯುವನ್ನು ಕೊಡುವುದು, ಮೀನು ಉಸಿರಾಡುವುದು, ಇಷ್ಟಾದರೆ ಸಾಕೆಂದು ಅವನ ಎಣಿಕೆ. ಸಾಕಾಗಲಿಲ್ಲ. ಗಿಡದ ಮುದಿ ಎಲೆಗಳು ಕೊಳೆತವು, ಪಾಚಿ ಕಟ್ಟಿತು, ನೀರು ಕೆಟ್ಟಿತು. ಆಗ ಆತ ಕೊಳದ ಐದಾರು ಬಸವನಹುಳುಗಳನ್ನು ತಂದು ಒಳಗೆ ಬಿಟ್ಟ. ಅವು ಕೊಳೆತದ್ದನ್ನು ತಿಂದು ನೀರನ್ನು ತಿಳಿಗೊಳಿಸಿದವು. ಅವುಗಳ ಮೊಟ್ಟೆ ಮರಿ ಮೀನುಗಳಿಗೆ ಆಹಾರವಾದವು. 1850ರಲ್ಲಿ ಅಲ್ಲಿಯ ರಾಸಾಯನಿಕ ಸಂಘದ ಮುಂದೆ ಆತ ಈ ಪ್ರಯೋಗವನ್ನು ವಿವರಿಸಿದ. ಅಕ್ವೇರಿಯಂ ಎಂಬ ಹವ್ಯಾಸದ ಬುನಾದಿಯ ಕಲ್ಲುಗಳಲ್ಲಿ ಇದೂ ಒಂದು. ಯಾರೂ ತಿರುಗಿ ನೋಡದ ಬಸವನಹುಳುವೇ ಆ ಸಂಸಾರವನ್ನು ಉಳಿಸಿತೆಂಬುದನ್ನು ಇಂದಿನ ಮೀನುಪ್ರಿಯರು ಮರೆತಿರುವಂತೆ ಕಾಣುತ್ತದೆ.

ಬಸವನಗುಡಿಯ ಒಂದು ಮನೆಯಲ್ಲಿ ಇಂಥದೊಂದು ತೊಟ್ಟಿ ಇದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಅಂಚಿನವರೆಗೆ ತುಂಬಿದರೆ 56 ಲೀಟರು. ತಳದ ಮರಳು, ಕಲ್ಲು, ಮೇಲೆ ಖಾಲಿ ಬಿಡುವ ಎರಡಂಗುಲ, ಇವನ್ನು ಕಳೆದರೆ 45 ಲೀಟರೂ ಇಲ್ಲ. ಮನೆಯ ಯಜಮಾನರಾದ ರಾಯರು ಸರ್ಕಾರದ ಲೆಕ್ಕಪತ್ರಗಳ ನಡುವೆ ಮೂವತ್ತೈದು ವರ್ಷ ಕಳೆದು ನಿವೃತ್ತರಾದವರು. ತೊಟ್ಟಿ ಅವರದಲ್ಲ. ಮೊಮ್ಮಗನ ಏಳನೆಯ ಹುಟ್ಟುಹಬ್ಬಕ್ಕೆ ಮಗ ಕೊಡಿಸಿದ್ದು. ಮೀನುಗಳನ್ನು ಆರಿಸಿದವನು ಹುಡುಗನೇ: ಹೊನ್ನಮೀನು ಎರಡು, ರೆಕ್ಕೆ ಬಿಚ್ಚಿದ ಪತಂಗದಂತಿದ್ದ ಏಂಜಲ್ ಎರಡು, ನೀಲಿ ದೀಪ ಹೊತ್ತಿಸಿಕೊಂಡಂತಿದ್ದ ನಿಯಾನ್ ಟೆಟ್ರಾ ಹತ್ತು, ಪಟ್ಟೆಪಟ್ಟೆಯ ಟೈಗರ್ ಬಾರ್ಬ್ ನಾಲ್ಕು, ರೇಷ್ಮೆಯ ಸೆರಗಿನಂಥ ಬಾಲದ ಫೈಟರ್ ಒಂದು, ಗಾಜನ್ನು ಚೊಕ್ಕಟ ಮಾಡಲೆಂದು ಒಂದು ಸಕ್ಕರ್. ಒಟ್ಟು ಇಪ್ಪತ್ತು. “ಎಲ್ಲಾ ಹೊಂದಿಕೊಂಡು ಹೋಗುತ್ತವೆ ಸಾರ್, ಏನೂ ಯೋಚನೆ ಮಾಡಬೇಡಿ” ಎಂದು ಅಂಗಡಿಯವನು ಹೇಳಿದ್ದ. ಮದುವೆಯ ದಲ್ಲಾಳಿಗಳೂ ಇದೇ ಮಾತನ್ನು ಇದೇ ಧಾಟಿಯಲ್ಲಿ ಹೇಳುವುದುಂಟು.

ಮೂರು ತಿಂಗಳೊಳಗೆ ಮಗನಿಗೆ ಟೊರಾಂಟೋ ನಗರದಲ್ಲಿ ಕೆಲಸವಾಯಿತು. ಮಗ, ಸೊಸೆ, ಮೊಮ್ಮಗ ಹೊರಟರು. ತೊಟ್ಟಿ ಉಳಿಯಿತು. ವಿಮಾನ ನಿಲ್ದಾಣಕ್ಕೆ ಹೊರಡುವ ಕಾರಿನ ಕಿಟಕಿಯಿಂದ ತಲೆ ಹೊರಹಾಕಿ ಹುಡುಗ ಹೇಳಿದ ಕೊನೆಯ ಮಾತು, “ತಾತ, ಪ್ರತಿ ಭಾನುವಾರ ಎಣಿಸಿ ಹೇಳಬೇಕು.”

ಲೆಕ್ಕದ ಮನುಷ್ಯನಿಗೆ ಇಂಥ ಮಾತು ಆಜ್ಞೆಗೆ ಸಮಾನ. ರಾಯರು ಒಂದು ಉದ್ದನೆಯ ಪುಸ್ತಕವನ್ನು ತಂದು ಗೆರೆ ಎಳೆದು ಮನೆ ಮಾಡಿದರು: ತಾರೀಖು, ಜಾತಿ, ಸಂಖ್ಯೆ, ಷರಾ. ಮೊದಲ ಭಾನುವಾರ ಇಪ್ಪತ್ತಿತ್ತು. ಮೂರನೆಯ ಭಾನುವಾರ ಹತ್ತೊಂಬತ್ತು. ಇಲ್ಲದೆ ಹೋದದ್ದು ಒಂದು ನಿಯಾನ್. ಸತ್ತಿದ್ದರೆ ತೇಲಬೇಕಾಗಿತ್ತು. ತೊಟ್ಟಿಯಿಂದ ಹಾರಿದ್ದರೆ ನೆಲದ ಮೇಲೆ ಒಣಗಿರಬೇಕಾಗಿತ್ತು. ರಾಯರು ಮೇಜಿನ ಕೆಳಗೆಲ್ಲ ಕೈದೀಪ ಹಿಡಿದು ಹುಡುಕಿದರು. ಐದನೆಯ ವಾರಕ್ಕೆ ನಿಯಾನುಗಳು ಏಳಾದವು, ಎಂಟನೆಯ ವಾರಕ್ಕೆ ಐದು. ಒಂದರದೂ ಹೆಣ ದೊರೆಯಲಿಲ್ಲ. ಷರಾ ಎಂಬ ಮನೆಯಲ್ಲಿ ಬರೆಯಲು ಕಾರಣವಿಲ್ಲದೆ ಲೇಖನಿ ಹಿಡಿದು ಕುಳಿತದ್ದು ಅವರ ಉದ್ಯೋಗಪರ್ವದಲ್ಲಿಯೂ ಅಪರೂಪ.

ಕಾರಣ ಕಣ್ಣ ಮುಂದೆಯೇ ಈಜುತ್ತಿತ್ತು. ಅಂಗಡಿಯಲ್ಲಿ ಎಂಟಾಣೆಯ ನಾಣ್ಯದಷ್ಟಿದ್ದ ಏಂಜಲ್ ಮೀನುಗಳು ಈ ನಡುವೆ ಅಂಗೈಯಷ್ಟಾಗಿದ್ದವು. ಏಂಜಲ್ ಹದಿನೈದು ಸೆಂಟಿಮೀಟರಿನವರೆಗೆ ಬೆಳೆಯಬಲ್ಲದು; ನಿಯಾನು ಎಷ್ಟು ಬೆಳೆದರೂ ಮೂರು, ಹೆಚ್ಚೆಂದರೆ ನಾಲ್ಕು. ಎರಡೂ ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆಯವು. ಇಬ್ಬರೂ ಒಂದೇ ಊರಿನವರು, ಆದುದರಿಂದ ಒಗ್ಗಿಕೊಳ್ಳುತ್ತಾರೆಂದು ಹೇಳುವವರುಂಟು. ಒಂದೇ ಊರಿನವರಾದುದರಿಂದಲೇ ಏಂಜಲಿಗೆ ಆ ತಿನಿಸಿನ ಪರಿಚಯ ಚೆನ್ನಾಗಿದೆಯೆಂಬುದು ಅವರಿಗೆ ಹೊಳೆಯುವುದಿಲ್ಲ. ಮೀನಿನ ಲೋಕದಲ್ಲಿ ಬಾಯೊಳಗೆ ಹಿಡಿಸುವುದೆಲ್ಲ ಆಹಾರ. ಅಲ್ಲಿ ದ್ವೇಷವಿಲ್ಲ, ಕ್ರೌರ್ಯವಿಲ್ಲ, ಅಳತೆಯುಂಟು. ಬೆಳಗಿನ ಜಾವದಲ್ಲಿ, ದೀಪ ಹತ್ತಿಸುವ ಮೊದಲು, ಅರೆನಿದ್ದೆಯಲ್ಲಿ ನಿಂತ ನಿಯಾನನ್ನು ಏಂಜಲು ಸದ್ದಿಲ್ಲದೆ ಮುಗಿಸುತ್ತದೆ. ಹೆಣ ಎಲ್ಲಿಂದ ಬರಬೇಕು?

ಸಹವಾಸಿಗಳನ್ನು ಆರಿಸುವಾಗ ಇಂದಿನ ಗಾತ್ರವನ್ನು ನೋಡಬಾರದು, ಪ್ರಾಯಕ್ಕೆ ಬಂದಾಗಿನ ಗಾತ್ರವನ್ನು ನೋಡಬೇಕು. ಅಂಗಡಿಗಳಲ್ಲಿ ಮಾರುವುದು ಬಹುಮಟ್ಟಿಗೆ ಮರಿಗಳನ್ನೇ. ಬೆರಳುದ್ದದ ಆಸ್ಕರ್ ಮೀನು ಮುದ್ದಾಗಿ ಬಂದು ಗಾಜಿಗೆ ಮೂತಿ ಒತ್ತುತ್ತದೆ. ಒಂದಡಿ ಬೆಳೆದ ಮೇಲೆ ಅದೇ ಮೂತಿ ನೆರೆಯವರನ್ನೆಲ್ಲ ನುಂಗಿ ಮುಗಿಸಿರುತ್ತದೆ. ಹಣೆಯ ಮೇಲೆ ಗಡ್ಡೆ ಹೊತ್ತ ಫ್ಲವರ್‌ಹಾರ್ನ್ ಎಂಬುದೊಂದುಂಟು. ಅದನ್ನು ಸೃಷ್ಟಿಸಿದ್ದು ದೇವರಲ್ಲ. 1990ರ ದಶಕದಲ್ಲಿ ಮಲೇಷ್ಯದ ಮೀನು ಸಾಕುವವರು ಬೆರಕೆ ಮಾಡಿ ಬೆಳೆಸಿದ್ದು. ಮನೆಯಲ್ಲಿಟ್ಟರೆ ಲಕ್ಷ್ಮಿ ಒಲಿಯುತ್ತಾಳೆಂದು ನಂಬಿ ವಾಸ್ತು ಕೇಳಿ ತರುವವರಿದ್ದಾರೆ. ಲಕ್ಷ್ಮಿಯ ವಿಷಯ ಹೇಗಾದರಿರಲಿ, ನೆರೆಯವನಂತೂ ಅದಕ್ಕೆ ಒಲಿಯುವಂತಿಲ್ಲ. ಅದು ಒಂಟಿಯಾಗಿಯೇ ಬಾಳಬೇಕಾದ ಜೀವ.

ಒಂಬತ್ತನೆಯ ಭಾನುವಾರ ಏನು ಹೇಳಬೇಕೆಂಬ ಪ್ರಶ್ನೆ ಬಂದಿತು. “ಮಗು ಅಷ್ಟು ದೂರದಲ್ಲಿದೆ. ಎಲ್ಲಾ ಚೆನ್ನಾಗಿವೆ ಅಂತ ಹೇಳಿಬಿಡಿ ಅಂದ್ರೆ” ಎಂದು ರಾಯರ ಪತ್ನಿ ಸೂಚಿಸಿದರು. ಸುಳ್ಳು ಮೊತ್ತವನ್ನು ಬಾಯಲ್ಲಾಡಿ ರಾಯರಿಗೆ ಅಭ್ಯಾಸವಿರಲಿಲ್ಲ. ಇಲ್ಲಿ ಭಾನುವಾರದ ಬೆಳಗು, ಅಲ್ಲಿ ಶನಿವಾರದ ರಾತ್ರಿ. ದೂರವಾಣಿಯ ತೆರೆಯ ಮೇಲೆ ಮೂಡಿದ ಹುಡುಗನ ಮುಖಕ್ಕೆ ಅವರು ಇದ್ದದ್ದನ್ನು ಇದ್ದಂತೆ ಹೇಳಿದರು. ಹುಡುಗ ಅಳಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, “ಆರಿಸಿದ್ದು ನಾನೇ ಅಲ್ಲವಾ ತಾತ? ಹಾಗಾದರೆ ನಾನೇ ತಿನ್ನಿಸಿದ ಹಾಗಾಯಿತಾ?” ಎಂದು ಕೇಳಿದ.

ಮೂವತ್ತೈದು ವರ್ಷಗಳಲ್ಲಿ ಯಾವ ಮೇಲಧಿಕಾರಿಯ ಪ್ರಶ್ನೆಯೂ ರಾಯರನ್ನು ಇಷ್ಟು ಕಲಕಿರಲಿಲ್ಲ. “ಇಲ್ಲಪ್ಪ, ನಿನಗೆ ಯಾರೂ ಹೇಳಿರಲಿಲ್ಲ. ಏಂಜಲಿನದೂ ತಪ್ಪಲ್ಲ, ಅದಕ್ಕೆ ಹಸಿವು. ಇಬ್ಬರನ್ನೂ ಒಂದೇ ಪೆಟ್ಟಿಗೆಯಲ್ಲಿ ಹಾಕಬಾರದಾಗಿತ್ತು, ಅಷ್ಟೆ” ಎಂದರು. ಆ ದಿನ ಮಧ್ಯಾಹ್ನವೇ ಏಂಜಲ್ ಮೀನುಗಳು ಎರಡೂ ಬಕೀಟಿನಲ್ಲಿ ಕುಳಿತು, ಆಳವಾದ ತೊಟ್ಟಿಯಿದ್ದ ಹಳೆಯ ಸಹೋದ್ಯೋಗಿಯೊಬ್ಬರ ಮನೆಗೆ ಹೊರಟವು. ಉಳಿದ ಐದು ನಿಯಾನುಗಳು ಉಳಿಯಲಿಲ್ಲ. ಗುಂಪಿನಲ್ಲಿ ಧೈರ್ಯ ಕಾಣುವ ಜಾತಿ ಅದು. ಗುಂಪು ಒಡೆದ ಮೇಲೆ ಬಣ್ಣ ಮಾಸಿ, ಗಿಡದ ಹಿಂದೆ ಅವಿತು, ಒಂದೊಂದಾಗಿ ತೀರಿಹೋದವು.

ಗುಂಪಿನ ಮಾತು ಬಂದಾಗ ಟೈಗರ್ ಬಾರ್ಬುಗಳ ಚರಿತ್ರೆಯನ್ನು ಹೇಳಲೇಬೇಕು. ಸುಮಾತ್ರ, ಬೋರ್ನಿಯೋ ದ್ವೀಪಗಳ ಈ ಪಟ್ಟೆಮೀನು ಗಾತ್ರದಲ್ಲಿ ಚಿಕ್ಕದು, ಯಾರನ್ನೂ ನುಂಗಲಾರದು. ಆದರೆ ಇಳಿಬಿದ್ದ ಈಜುರೆಕ್ಕೆಯನ್ನು ಕಂಡರೆ ಅದಕ್ಕೆ ತಡೆಯಲಾಗುವುದಿಲ್ಲ. ಬೇಸಗೆಯ ರಜದಲ್ಲಿ ವಠಾರದ ಅಂಗಳದಲ್ಲಿ ಕೆಲಸವಿಲ್ಲದೆ ನಿಂತ ನಾಲ್ವರು ಹುಡುಗರನ್ನು ನೆನೆಸಿಕೊಳ್ಳಿ. ಹೋಗುವವರ ಪಂಚೆಯ ತುದಿ ಎಳೆಯುವುದು, ಬರುವವರ ಕೊಡೆಗೆ ಕಲ್ಲೆಸೆಯುವುದು. ಅದೇ ಹತ್ತು ಹುಡುಗರಾದರೆ ಚಿಣ್ಣಿದಾಂಡಿನ ಆಟ ಕಟ್ಟಿ ತಮ್ಮತಮ್ಮೊಳಗೆ ಕಾದಾಡುತ್ತಾರೆ, ದಾರಿಹೋಕನು ಬದುಕುತ್ತಾನೆ. ಟೈಗರ್ ಬಾರ್ಬಿನ ಸ್ವಭಾವವೂ ಹೀಗೆಯೇ. ಮೂರು ನಾಲ್ಕು ಇಟ್ಟರೆ ನೆರೆಯವರಿಗೆ ಪೀಡೆ. ಎಂಟು ಹತ್ತು ಇಟ್ಟರೆ ಮೇಲುಕೀಳಿನ ಪಂಕ್ತಿ ಏರ್ಪಟ್ಟು, ಕಚ್ಚಾಟವೆಲ್ಲ ಒಳಗೊಳಗೇ ಹಂಚಿಹೋಗುತ್ತದೆ. ಉಪದ್ರವ ಕಡಿಮೆಯಾಗಬೇಕಾದರೆ ಉಪದ್ರವಿಗಳ ಸಂಖ್ಯೆಯನ್ನು ಹೆಚ್ಚಿಸಬೇಕೆಂಬ ಈ ವಿಚಿತ್ರ ನ್ಯಾಯವು ಆಡಳಿತದ ಯಾವ ಕೈಪಿಡಿಯಲ್ಲಿಯೂ ಸಿಕ್ಕುವುದಿಲ್ಲ. ಆಫ್ರಿಕದ ಮಲಾವಿ ಸರೋವರದ ಕಲ್ಲುಬಂಡೆಗಳ ನಡುವೆ ಬಾಳುವ ಬಣ್ಣದ ಜಗಳಗಂಟ ಮೀನುಗಳನ್ನು ಸಾಕುವವರೂ ಇದನ್ನೇ ಅನುಸರಿಸುತ್ತಾರೆ: ದೊಡ್ಡ ತೊಟ್ಟಿ, ಬಲವಾದ ಸೋಸುವ ಯಂತ್ರ, ಒತ್ತೊತ್ತಾಗಿ ಮೀನು. ಏಟು ಒಬ್ಬನ ಮೇಲೆಯೇ ಬೀಳದೆ ಹತ್ತಾರು ಮಂದಿಗೆ ಚೂರುಚೂರಾಗಿ ಸಲ್ಲುತ್ತದೆ.

ರಾಯರ ಮನೆಯಲ್ಲಿ ಟೈಗರುಗಳು ಇದ್ದದ್ದು ನಾಲ್ಕು. ಅವುಗಳ ಕೈಗೆ, ಅಂದರೆ ಬಾಯಿಗೆ, ಸಿಕ್ಕಿದವನು ಫೈಟರ್.

ಹೆಸರನ್ನು ಕೇಳಿ ಮೋಸಹೋಗುವವರಿಗೆ ಫೈಟರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಸಯಾಮಿನ ಬತ್ತದ ಗದ್ದೆ, ಹಳ್ಳಕೊಳ್ಳಗಳ ಮೀನು ಇದು. ಥಾಯ್ಲೆಂಡ್ ಸರ್ಕಾರವು 2019ರಲ್ಲಿ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಸಾರಿತು. ಕಿವಿರಿನ ಜೊತೆಗೆ ತಲೆಯೊಳಗೆ ಮತ್ತೊಂದು ಉಸಿರಂಗವಿದ್ದು, ನೀರಿನ ಮೇಲಕ್ಕೆ ಬಂದು ಗಾಳಿಯನ್ನೇ ಗುಟುಕರಿಸಬಲ್ಲುದಾದುದರಿಂದ ಅದು ಕೊಳೆನೀರಿನಲ್ಲಿಯೂ ಜೀವ ಹಿಡಿದಿರುತ್ತದೆ. ಗಂಡು ಗಂಡನ್ನು ಕಂಡರೆ ಸೆಣಸುವುದು ನಿಜ. ಗದ್ದೆಯ ನೀರಿನಲ್ಲಿ ಸೋತವನು ಓಡಿ ಬದುಕುತ್ತಾನೆ. ಗಾಜಿನ ನಡುವೆ ಓಡಲು ಸ್ಥಳವಿಲ್ಲದೆ ಕಾಳಗವು ಸಾವಿನವರೆಗೆ ಹೋಗುತ್ತದೆ. ಉದ್ದ ಬಾಲದ ಬಣ್ಣದ ಗಪ್ಪಿಯನ್ನು ಕಂಡರೆ ತನ್ನ ಜಾತಿಯ ವೈರಿಯೆಂದೇ ಬಗೆದು ಮೇಲೆ ಬೀಳುವುದೂ ಉಂಟು. ಆದರೆ ಮನುಷ್ಯನು ಚೆಲುವಿಗಾಗಿ ಅದರ ಈಜುರೆಕ್ಕೆಗಳನ್ನು ತಲೆಮಾರಿನಿಂದ ತಲೆಮಾರಿಗೆ ಉದ್ದವಾಗಿ ಬೆಳೆಸಿದ ಮೇಲೆ ಈ ವೀರನು ವೇಗವಾಗಿ ಈಜಲಾರದವನಾದ. ಮದುವಣಗಿತ್ತಿಯ ಸೀರೆಯುಟ್ಟು ಕುಸ್ತಿಯ ಅಖಾಡಕ್ಕೆ ಇಳಿದಂತೆ ಅವನ ಪಾಡು. ನಾಲ್ಕು ಟೈಗರುಗಳು ಸರದಿಯ ಮೇಲೆ ಬಂದು ಅವನ ಬಾಲವನ್ನು ಚಿವುಟಿದವು. ಸೆರಗು ಹರಿದು ಚಿಂದಿಯಾಯಿತು. ಗಾಯದ ಅಂಚು ಬೆಳ್ಳಗೆ ಕೊಳೆಯಿತು. ಉಪ್ಪಿನ ನೀರು, ಔಷಧ, ಬೇರೆಯ ಪಾತ್ರೆ, ಎಲ್ಲವೂ ತಡವಾಗಿ ಬಂದ ಉಪಚಾರಗಳು. ಕಾದಾಡುವವನೆಂದು ಹೆಸರು ಹೊತ್ತವನು ಒಂದು ಏಟನ್ನೂ ಹಿಂದಿರುಗಿಸದೆ ತೀರಿಕೊಂಡ.

ಹೊನ್ನಮೀನುಗಳದು ಇನ್ನೊಂದು ಕಥೆ. ಚೀನ ದೇಶದಲ್ಲಿ ಸಾವಿರ ವರ್ಷಗಳಿಂದ ಸಾಕಿಕೊಂಡು ಬಂದ, ಸಾಧುವೆಂದರೆ ಸಾಧುವಾದ ಮೀನು. ಆದರೆ ಅದಕ್ಕೆ ಹಿತವಾದದ್ದು ತಣ್ಣೀರು, 18ರಿಂದ 22 ಡಿಗ್ರಿಯ ಆಸುಪಾಸು. ನಿಯಾನು, ಏಂಜಲು, ಫೈಟರುಗಳಿಗೆ 24ರಿಂದ 27ರ ಬೆಚ್ಚನೆ ನೀರು ಬೇಕು. ಒಂದೇ ಕೋಣೆಯಲ್ಲಿ ಒಬ್ಬರಿಗೆ ಪಂಕ, ಒಬ್ಬರಿಗೆ ಕಂಬಳಿ. ಅಲ್ಲದೆ ಹೊನ್ನಮೀನು ಹೊಟ್ಟೆಬಾಕ; ತಿಂದಷ್ಟೂ ಮಲಿನ ಮಾಡುತ್ತದೆ, ನೆಟ್ಟ ಗಿಡಗಳನ್ನೂ ಮೇಯುತ್ತದೆ. ಎರಡಡಿಯ ತೊಟ್ಟಿ ಅದಕ್ಕೆ ಸಾಲದು. ಗುಂಡನೆಯ ಗಾಜಿನ ಬುರುಡೆಯಲ್ಲಿ ಅದನ್ನಿಡುವುದಂತೂ ಸೆರೆವಾಸ.

ನೀರಿನ ಗುಣವೂ ಹೊಂದಿಕೆಯ ಒಂದು ಭಾಗವೆಂಬುದನ್ನು ಬೆಂಗಳೂರಿನವರು ವಿಶೇಷವಾಗಿ ನೆನಪಿಡಬೇಕು. ಕೊಳವೆ ಬಾವಿಯ ನೀರಿನಲ್ಲಿ ಸೋಪು ನೊರೆ ಕಟ್ಟದು, ಬಕೀಟಿನ ಅಂಚಿಗೆ ಬಿಳಿಯ ಗಸಿ ಹಿಡಿಯುತ್ತದೆ. ಇದು ಗಡಸು ನೀರು. ಗಪ್ಪಿ, ಮೋಲಿ, ಪ್ಲಾಟಿ, ಈ ಮರಿಹಾಕುವ ಮೀನುಗಳಿಗೆ ಅದು ಒಗ್ಗುತ್ತದೆ. ಕಾಡಿನ ಎಲೆ ಕೊಳೆತು ಕಂದಾದ ಹೊಳೆಗಳಿಂದ ಬಂದ ನಿಯಾನಿಗೆ ಮೆದು ನೀರು ಬೇಕು. ಕೊಳಾಯಿಯ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅದನ್ನು ಕಳೆದಲ್ಲದೆ ಯಾವ ಮೀನಿನ ಮೇಲೂ ಹುಯ್ಯಬಾರದು. ಗಪ್ಪಿಯನ್ನು ಸಾಕುವವರಿಗೆ ಇನ್ನೊಂದು ಮಾತು: ಒಂದು ಗಂಡಿಗೆ ಎರಡು ಮೂರಾದರೂ ಹೆಣ್ಣಿರಬೇಕು. ಇಲ್ಲದಿದ್ದರೆ ಗಂಡಿನ ಹಿಂಬಾಲಿಕೆಯಿಂದಲೇ ಹೆಣ್ಣು ಸೊರಗುತ್ತದೆ.

ಹೀಗೆ ವರ್ಷ ತುಂಬುವ ಹೊತ್ತಿಗೆ ತೊಟ್ಟಿಯಲ್ಲಿ ಉಳಿದದ್ದು ನಾಲ್ಕು ಟೈಗರ್, ಎರಡು ಹೊನ್ನಮೀನು, ಸಕ್ಕರ್. ಟೈಗರುಗಳು ಅದೇ ಜಾತಿಯ ಆರು ಮೀನುಗಳಿದ್ದ ಮೂರಡಿಯ ಇನ್ನೊಂದು ತೊಟ್ಟಿಗೆ ಹೋಗಿ ಹತ್ತಾದವು. ಅಲ್ಲಿ ಅವುಗಳ ಬಾಲಚೇಷ್ಟೆ ಅಡಗಿತೆಂದು ವರದಿ. ಆಮೇಲೆ ಒಂದು ಬೆಳಿಗ್ಗೆ ಒಂದು ಹೊನ್ನಮೀನು ಮಗ್ಗುಲಾಗಿ ತೇಲುತ್ತಿತ್ತು. ಪಕ್ಕೆಯ ಮೇಲೆ ಉಂಗುರದಂಥ ಹುಣ್ಣುಗಳು. ಸಕ್ಕರ್ ಮೀನು ಗಾಜಿನ ಪಾಚಿಯನ್ನು ನೆಕ್ಕುವುದು ಎಳೆತನದಲ್ಲಿ. ಬಲಿತ ಮೇಲೆ, ಅದರಲ್ಲಿಯೂ ಹೊಟ್ಟೆಗೆ ಸಾಲದಾದಾಗ, ನಿಧಾನವಾಗಿ ಚಲಿಸುವ ಅಗಲ ಮೈಯ ಮೀನುಗಳನ್ನು ರಾತ್ರಿಯಲ್ಲಿ ಅಪ್ಪಿ ಮೈಮೇಲಿನ ಲೋಳೆಯನ್ನು ಹೀರುತ್ತದೆ. ಜಾಡಮಾಲಿಯೆಂದು ತಂದವನು ಪಹರೆಯಿಲ್ಲದ ಹೊತ್ತಿನಲ್ಲಿ ಕನ್ನಗಳ್ಳನಾದ. ಉಳಿದ ಹೊನ್ನಮೀನನ್ನು ರಾಯರು ಪರಿಚಿತರ ತೋಟದ ನೆರಳುಕೊಳಕ್ಕೆ ಕಳುಹಿಸಿದರು.

ಹೊಸ ಬಾಡಿಗೆದಾರರನ್ನು ಹುಡುಕುವಾಗ ಈಗ ಅವಸರವಿರಲಿಲ್ಲ. ಪ್ರತಿ ಭಾನುವಾರ ತಾತ ಮೊಮ್ಮಗರ ನಡುವೆ ಸಮಾಲೋಚನೆ ನಡೆಯುತ್ತಿತ್ತು. ಹುಡುಗ ಮೊದಲು ಕೇಳುತ್ತಿದ್ದ ಪ್ರಶ್ನೆ ಬಣ್ಣದ್ದಲ್ಲ: “ಅದರ ಬಾಯಿ ಎಷ್ಟು ದೊಡ್ಡದು ತಾತ?” ಎರಡನೆಯದು, “ಅದಕ್ಕೆ ಎಷ್ಟು ಜನ ಸ್ನೇಹಿತರು ಬೇಕು?” ಕೆಂಪು ಗೆರೆಯ ‘ಮಿಸ್ ಕೇರಳ’ವನ್ನು ಹುಡುಗ ಒಮ್ಮೆ ಬಯಸಿದ. ಪಶ್ಚಿಮ ಘಟ್ಟದ ಹೊಳೆಗಳ ಆ ಮೀನು ಅಳಿವಿನಂಚಿನ ಪಟ್ಟಿಯಲ್ಲಿದೆಯೆಂದೂ, ಗುಂಪುಗಟ್ಟಿ ನಾಲ್ಕಡಿಯ ತೊಟ್ಟಿಯಲ್ಲಿ ಓಡಾಡಬೇಕಾದದ್ದೆಂದೂ ತಿಳಿದು ಕೈಬಿಟ್ಟರು.

ಕೊನೆಗೆ ಗೊತ್ತಾದದ್ದು ಹೀಗೆ. ಆರು ಜೀಬ್ರಾ ಮೀನು, ಮೇಲಿನ ಮತ್ತು ನಡುವಿನ ನೀರಿಗೆ. ಆರು ಕೋರಿಡೋರಾಸ್, ತಳದ ನುಣುಪು ಮರಳಿಗೆ. ಗಿಡಗಳ ನೆರಳಿಗೆ ಒಂದೇ ಒಂದು ಗಂಡು ಕುಬ್ಜ ಗೌರಾಮಿ. ಎರಡು ಗಂಡಾದರೆ ಮತ್ತೆ ಕದನ. ಒಬ್ಬರ ದಾರಿಗೆ ಇನ್ನೊಬ್ಬರು ಅಡ್ಡಬಾರದಂತೆ ಮೇಲ್ಮಹಡಿ, ನಡುಮನೆ, ನೆಲಮನೆ ಎಂದು ಬಾಡಿಗೆಗೆ ಕೊಟ್ಟ ಹಾಗೆ. ಜೀಬ್ರಾ ಮತ್ತು ಕುಬ್ಜ ಗೌರಾಮಿಗಳೆರಡನ್ನೂ 1822ರಲ್ಲಿ ಗಂಗಾನದಿಯ ಮೀನುಗಳ ಗ್ರಂಥದಲ್ಲಿ ವರ್ಣಿಸಿದವನು ಫ್ರಾನ್ಸಿಸ್ ಬುಕಾನನ್. ಟಿಪ್ಪುವಿನ ಪತನಾನಂತರ 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ, ಊರೂರಿನ ಬೆಳೆ ಕಸುಬುಗಳನ್ನು ಬರೆದಿಟ್ಟ ಬುಕಾನನನೇ ಈತ. ಮುಂದೆ ಹ್ಯಾಮಿಲ್ಟನ್ ಎಂಬ ಹೆಸರನ್ನೂ ಹೊತ್ತ. ನಮ್ರವಾದ ಈ ಗೆರೆಮೀನು ಇಂದು ಲೋಕದ ಪ್ರಯೋಗಾಲಯಗಳಲ್ಲೆಲ್ಲ ಈಜುತ್ತಿದೆ. ಅದರ ವಂಶವಾಹಿಗಳ ಪೂರ್ಣ ಪಾಠವು 2013ರಲ್ಲಿ ಪ್ರಕಟವಾಯಿತು.

ಗೃಹಪ್ರವೇಶಕ್ಕೂ ಕ್ರಮವಿದೆ. ಮೀನಿನ ಮಲಿನದಿಂದ ಹುಟ್ಟುವ ಅಮೋನಿಯ ವಿಷವನ್ನು ಹಂತಹಂತವಾಗಿ ಕಡಿಮೆ ಅಪಾಯದ ನೈಟ್ರೇಟಾಗಿಸುವ ಸೂಕ್ಷ್ಮಜೀವಿಗಳು ಹೊಸ ತೊಟ್ಟಿಯಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಒಂದೇ ದಿನ ಇಪ್ಪತ್ತು ಮೀನು ಸುರಿದರೆ ಸ್ವಭಾವ ಹೊಂದಿದರೂ ನೀರು ಕೊಲ್ಲುತ್ತದೆ. ರಾಯರು ಮೊದಲು ಗಟ್ಟಿಜೀವದ ಜೀಬ್ರಾಗಳನ್ನು ಬಿಟ್ಟರು, ಹದಿನೈದು ದಿನ ಬಿಟ್ಟು ಕೋರಿಗಳನ್ನು, ಕಟ್ಟಕಡೆಗೆ ಗೌರಾಮಿಯನ್ನು. ಹೊಸದಾಗಿ ಬಂದವರಿಗೆ ಬೇರೆ ತೊಟ್ಟಿಯಲ್ಲಿ ಎರಡು ಮೂರು ವಾರ ಪ್ರತ್ಯೇಕವಾಸ. ಮೈಮೇಲೆ ರವೆ ಚೆಲ್ಲಿದಂಥ ಬಿಳಿಚುಕ್ಕೆಯ ರೋಗವು ಒಬ್ಬನಿಂದ ಎಲ್ಲರಿಗೂ ಹರಡದಿರಲೆಂದು. ಹಳಬರು ಜಾಗ ತಮ್ಮದೆಂದು ಸೊಕ್ಕಿದ್ದರೆ, ಹೊಸಬನನ್ನು ಬಿಡುವ ಮೊದಲು ಕಲ್ಲು ಗಿಡಗಳನ್ನು ಆಚೀಚೆ ಸರಿಸುವುದೊಂದು ಉಪಾಯ. ಎಲ್ಲರಿಗೂ ಮನೆ ಹೊಸದಾಗಿ, ಯಾರಿಗೂ ಹಕ್ಕಿನ ನೆನಪಿರುವುದಿಲ್ಲ.

ಆ ಹೊತ್ತಿಗೆ ಎರಡಂಗುಲವಿದ್ದ ಸಕ್ಕರ್ ಗೇಣಿಗೂ ಮೀರಿ ಬೆಳೆದು, ಕರಿಯ ಕವಚ ತೊಟ್ಟು, ಪ್ರತ್ಯೇಕವಾದ ಡಬ್ಬಿಯೊಂದರಲ್ಲಿ ಮೂಲೆಹಿಡಿದಿತ್ತು. ಇನ್ನೂ ಬೆಳೆದು ಒಂದೂವರೆ ಅಡಿಯಾಗುವ ಮೀನು. ನೆರೆಮನೆಯ ಹಿರಿಯರೊಬ್ಬರು, “ಸುಮ್ಮನೆ ಯಾಕೆ ಕಷ್ಟ ಪಡುತ್ತೀರಿ ರಾಯರೇ? ಏಕಾದಶಿಯ ದಿನ ಕೆರೆಗೆ ಬಿಟ್ಟುಬಿಡಿ. ಜೀವದಾನ ಮಾಡಿದ ಪುಣ್ಯ ಬರುತ್ತದೆ” ಎಂದರು. ಬಹುಮಂದಿ ಮಾಡುವುದೂ ಅದನ್ನೇ. ದಕ್ಷಿಣ ಅಮೆರಿಕದ ಈ ಮೀನು ಭಾರತದ ಅನೇಕ ಕೆರೆ ಹೊಳೆಗಳಲ್ಲಿ ಇಂದು ಬೇರೂರಿರುವುದು ಇಂಥ ಪುಣ್ಯವಂತರಿಂದ. ಪ್ರಾಣವಾಯು ಕಡಿಮೆಯಾದ ನೀರಿನಲ್ಲಿ ಗಾಳಿ ನುಂಗಿ ಬದುಕುತ್ತದೆ, ದಂಡೆಯಲ್ಲಿ ಬಿಲ ಕೊರೆದು ಮೊಟ್ಟೆಯಿಡುತ್ತದೆ, ನಾಡಿನ ಮೀನುಗಳ ಮೇವಿಗೆ ಬಾಯಿಹಾಕುತ್ತದೆ, ಬೆಸ್ತರ ಬಲೆಗೆ ಬಿದ್ದರೆ ಮುಳ್ಳುಗಳಿಂದ ಬಲೆಯನ್ನೇ ಹರಿಯುತ್ತದೆ. “ಒಂದು ಜೀವಕ್ಕೆ ದಾನ ಕೊಟ್ಟು ಕೆರೆಯ ಜೀವಗಳಿಗೆಲ್ಲ ದಂಡ ಹಾಕಿದ ಹಾಗಾಗುತ್ತದೆ, ಸ್ವಾಮಿ. ನನ್ನ ಪುಸ್ತಕದಲ್ಲಿ ಅದು ಪುಣ್ಯದ ಕಡೆಗೆ ಬರುವುದಿಲ್ಲ” ಎಂದು ರಾಯರು ಕೈಮುಗಿದರು.

ಮೂರು ಅಂಗಡಿಗಳು ಬೇಡವೆಂದವು. ನಾಲ್ಕನೆಯವನು, ಹಣ ಕೊಡುವುದಿಲ್ಲವೆಂಬ ಕರಾರಿನ ಮೇಲೆ, ತನ್ನ ಆರಡಿಯ ತೊಟ್ಟಿಗೆ ಇಟ್ಟುಕೊಳ್ಳಲು ಒಪ್ಪಿದ. ಆಟೋರಿಕ್ಷಾದಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೋಗಿ ಒಪ್ಪಿಸಿ ಬಂದು, ರಾಯರು ಹಳೆಯ ಪುಟವನ್ನು ಕೂಡಿದರು. ಮರಣ ಹನ್ನೆರಡು, ವರ್ಗಾವಣೆ ಎಂಟು, ಒಟ್ಟು ಇಪ್ಪತ್ತು. ಲೆಕ್ಕ ಸರಿಹೋಯಿತು.

ಭಾನುವಾರ ಹುಡುಗನಿಗೆ ಇದನ್ನು ವರದಿ ಮಾಡಿದರು. ಅವನು ಜೀಬ್ರಾಗಳನ್ನು ತೆರೆಯ ಮೇಲೆಯೇ ಎಣಿಸಿ ಮುಗಿಸಿ, “ಸಕ್ಕರ್ ಹೋಯಿತಲ್ಲ, ಅಲ್ಲಿ ಅದರ ಜೊತೆಗೆ ಯಾರ್ಯಾರಿದ್ದಾರೆ ತಾತ?” ಎಂದು ಕೇಳಿದ.

ರಾಯರು ಅದನ್ನು ವಿಚಾರಿಸಿರಲಿಲ್ಲ. ಸೋಮವಾರ ಬೆಳಿಗ್ಗೆ ಕಾಫಿ ಮುಗಿಸಿ, ಕೊಡೆಯನ್ನೂ ಉದ್ದನೆಯ ಪುಸ್ತಕವನ್ನೂ ತೆಗೆದುಕೊಂಡು ಅಂಗಡಿಯ ಕಡೆಗೆ ಹೊರಟರು.